ಗೋಂದು ತೊಳೆದವಳು

ಕಿಯೊನೊ ಸಾಧು ಹೆಂಗಸಾಗಿದ್ದಳು ಎಂದು ನಮ್ಮ ಓಣಿಯವರು ಈಗಲೂ ಹೇಳುತ್ತಾರೆ. ಕೇಳಿದಾಗಲೆಲ್ಲ ನನಗೆ ನಗು ಬರುತ್ತದೆ. ಮತ್ಸುಮೊತೊ ಊರಿನ ಈ ಓಣಿಯಲ್ಲಿ, ಅವಳ ಮನೆಗೆ ಅಂಟಿಕೊಂಡ ಅಂಗಡಿಯಲ್ಲಿ ತೋಫು ಮಾಡಿ ಮಾರುತ್ತಲೇ ನಾನು ಮುದುಕಿಯಾದೆ. ಅವಳ ಹೊಟ್ಟೆಯಲ್ಲಿ ಏನಿತ್ತೆಂಬುದು ನನಗೆ ಗೊತ್ತು. ಸಾಧುತನವಂತೂ ಅಲ್ಲ.

ಅವಳ ಗಂಡ ಮುಕಾಯಿ ತೇಯಿಜಿ ಪುರಸಭೆಯಲ್ಲಿ ಗುಮಾಸ್ತ. ಕುಡಿಯುತ್ತಿರಲಿಲ್ಲ, ಕೈ ಎತ್ತುತ್ತಿರಲಿಲ್ಲ. ಅಂಚೆಚೀಟಿ ಒಂದೇ ಹುಚ್ಚು. ಯುದ್ಧ ಮುಗಿದ ಮೇಲೆ ಊರಿಗೆ ಊರೇ ಆ ಹುಚ್ಚಿಗೆ ಬಿದ್ದಿತ್ತು, ಹೊಸ ಚೀಟಿ ಬರುವ ದಿನ ಅಂಚೆ ಕಚೇರಿಯ ಮುಂದೆ ಬೆಳಗಿನಿಂದಲೇ ಸಾಲು. ಹಾಗಾಗಿ ಯಾರೂ ಅದನ್ನು ದೋಷವೆಂದು ಎಣಿಸಲಿಲ್ಲ.

ಕಿಯೊನೊಗೆ ತಾಯಿಯಿಂದ ಬಂದ ಕೊತೊ ಇತ್ತು. ಹದಿಮೂರು ರೇಷ್ಮೆ ತಂತಿಯ ವಾದ್ಯ, ಮಲಗಿಸಿದರೆ ಆಳುದ್ದ. ಅವಳು ಬಾರಿಸಲು ಕೂತರೆ ನಾನು ಸೋಯಾ ರುಬ್ಬುವುದನ್ನು ನಿಲ್ಲಿಸುತ್ತಿದ್ದೆ. ಒಂದು ವರ್ಷ ಅವಳಿಗೆ ಎದೆರೋಗ ಬಂದು ಬೆಟ್ಟದ ಮೇಲಿನ ಆಸ್ಪತ್ರೆ ಸೇರಿದಳು. ಬದುಕಿ ಬರುವಳೆಂಬ ನಂಬಿಕೆ ನಮಗಾರಿಗೂ ಇರಲಿಲ್ಲ. ಬಂದಳು. ಬಂದು ನೋಡಿದರೆ ಕೊತೊ ಇಟ್ಟಿದ್ದ ಜಾಗ ಖಾಲಿ. ಹಳೆಯ ಸಾಮಾನಿನ ಜೊತೆ ಅಂಚೆಚೀಟಿಯನ್ನೂ ಮಾರುವ ಕುರಾತಾ ಎಂಬ ಗೆಳೆಯನಿಗೆ ತೇಯಿಜಿ ಅದನ್ನು ಕೊಟ್ಟು, ಬದಲಿಗೆ ಐದು ಚೀಟಿಗಳ ಒಂದು ಹಾಳೆ ತಂದಿದ್ದರು. ಕೆಂಪು ಕಿಮೊನೊದ ಹೆಂಗಸೊಬ್ಬಳು ತಿರುಗಿ ನೋಡುವ ಚಿತ್ರದ್ದು. ಇನ್ನೂ ಕೈಚೀಲ ಕೆಳಗಿಡದ ಹೆಂಡತಿಗೆ ಅದನ್ನು ಹಬ್ಬದ ಉಡುಗೊರೆಯ ಹಾಗೆ ತೋರಿಸಿದರು.

‘ಆಸ್ಪತ್ರೇಲಿ ಬಿದ್ದಿದ್ದವಳು ಬಾರಿಸ್ತಿದ್ಯಾ ಅದನ್ನ? ಮೂಲೇಲಿ ಧೂಳು ತಿಂತಿತ್ತು’ ಎಂದರಂತೆ.

ಕುರಾತಾ ಅಷ್ಟರಲ್ಲಾಗಲೇ ಕೊತೊವನ್ನು ಬಿಸಿನೀರ ಬುಗ್ಗೆಯ ಪಕ್ಕದ ಒಂದು ವಸತಿಗೃಹಕ್ಕೆ ಮಾರಿಬಿಟ್ಟಿದ್ದ. ಅಲ್ಲಿಯ ಕುಡುಕರು ಅದರ ಮೇಲೆ ಸಾಕೆ ಬಟ್ಟಲು ಇಡುತ್ತಾರೆ ಎಂಬ ಸುದ್ದಿಯೂ ಬಂತು. ನಾನಾಗಿದ್ದರೆ ಚೀಟಿಯ ಪುಸ್ತಕವನ್ನೇ ಒಲೆಗೆ ಹಾಕುತ್ತಿದ್ದೆ, ಹಾಗಂತ ಅವಳಿಗೆ ಹೇಳಿಯೂ ಹೇಳಿದೆ.

‘ಸುಟ್ರೆ ಒಂದು ದಿನ ಅಳ್ತಾರೆ ಅಕ್ಕಾ. ಆಮೇಲೆ ಊರೋರ ಕನಿಕರ ಎಲ್ಲಾ ಅವರಿಗೇ’ ಎಂದಳು ಕಿಯೊನೊ. ದನಿ ಒಂದಿಷ್ಟೂ ಏರಲಿಲ್ಲ. ಆಗಲೇ ನನಗೆ ಸಣ್ಣಗೆ ಭಯವಾಯಿತು.

ಆ ಹಾಳೆಯ ವಿಷಯದಲ್ಲಿ ತೇಯಿಜಿಗೆ ಒಂದೇ ಜಪ, ಗೋಂದು. ಚಿತ್ರವನ್ನು ಯಾರು ಬೇಕಾದರೂ ನೋಡಬಹುದು, ಬೆಲೆ ಇರುವುದು ಬೆನ್ನಿನಲ್ಲಿ, ಅಚ್ಚಿನಿಂದ ಬಂದ ದಿನದ ಗೋಂದು ಹಾಗೇ ಹೊಳೆಯುತ್ತಿರಬೇಕು ಎನ್ನುತ್ತಿದ್ದರು. ಬೆವರು ತಾಗಿದರೆ ಕಲೆ, ಆವಿ ತಾಗಿದರೆ ಅಂಟು ಎಂದು ಆ ಕೋಣೆಯಿಂದ ಚಹಾದ ಕೆಟಲ್ ಕೂಡ ಹೊರಗೆ ಹೋಯಿತು. ಮಳೆಗಾಲದಲ್ಲಿ ಪುಸ್ತಕ ತೆರೆಯುವುದೇ ಇಲ್ಲ. ಉಳಿದ ದಿನಗಳಲ್ಲಿ ತೆರೆದರೂ ಹಾಳೆಯನ್ನು ಪುಟದ ಕಿಸೆಯಿಂದ ಎತ್ತುವುದಿಲ್ಲ. ಹೆಂಡತಿ ಹತ್ತಿರ ಬಂದು ಉಸಿರು ಬಿಟ್ಟರೂ ಗದರಿಕೆ. ಗೋಂದನ್ನು ಏನೇನು ಕೆಡಿಸುತ್ತದೆಂಬ ಪಾಠವನ್ನು ಅವಳಿಗೆ ಕಲಿಸಿದ್ದು ಹೀಗೆ ಆ ಮಹಾನುಭಾವರೇ.

ಮೊದಲ ಹಿಮ ಬೀಳುವ ಮುಂಚೆ ನಮ್ಮಲ್ಲಿ ಹೆಂಗಸರೆಲ್ಲ ಉಪ್ಪಿನಕಾಯಿಗೆಂದು ನೊಜಾವಾನಾ ಸೊಪ್ಪು ತೊಳೆಯುತ್ತೇವೆ. ಗಂಡಸರು ಆ ದಿನ ಮನೆ ಕಡೆ ತಲೆ ಹಾಕುವುದಿಲ್ಲ. ಅಂಥ ದಿನ ಕಿಯೊನೊ ಸೊಪ್ಪು ತೊಳೆದು ಮುಗಿಸಿ, ಇನ್ನೊಂದು ಬೋಗುಣಿಗೆ ಶುದ್ಧ ನೀರು ತುಂಬಿ, ಹಾಳೆಯನ್ನು ಅದರಲ್ಲಿ ಬಿಟ್ಟಳು. ಮೊದಲು ಅದು ಸುರುಳಿ ಸುತ್ತಿತಂತೆ. ಆಮೇಲೆ ತಾನೇ ಬಿಚ್ಚಿಕೊಂಡು ಮೆತ್ತಗೆ ಮಲಗಿತಂತೆ. ಬೆನ್ನು ಲೋಳೆಯಾದಾಗ ಬೆರಳ ತುದಿಯಿಂದ ಸವರಿ ಗೋಂದು ಬಿಡಿಸಿದಳು, ಜಾರುವುದು ನಿಲ್ಲುವವರೆಗೂ ನೀರು ಬದಲಿಸಿದಳು. ಚೂರು ಗೋಂದು ಉಳಿದರೂ ಒಣಗುವಾಗ ಕಾಗದಕ್ಕೆ ಕಚ್ಚಿಕೊಂಡು ಗುಟ್ಟು ರಟ್ಟಾಗುತ್ತಿತ್ತು. ಮುಖ ಕೆಳಗೆ ಮಾಡಿ ಒತ್ತುಕಾಗದದ ಮೇಲೆ ಹಾಸಿ, ಅರ್ಧ ಒಣಗಿದ ಮೇಲೆ ಭಾರ ಹೇರಿದಳು. ಸಂಜೆಗೆ ಹಾಳೆ ತನ್ನ ಕಿಸೆಯಲ್ಲಿತ್ತು, ತಿರುಗಿ ನೋಡುವ ಹೆಂಗಸು ಐದೂ ಚೀಟಿಯಲ್ಲಿ ಹಾಗೇ ತಿರುಗಿ ನೋಡುತ್ತಿದ್ದಳು. ಇದನ್ನೆಲ್ಲ ಅವಳು ನನಗೆ ಮರುದಿನವೇ ಹೇಳಿದಳು. ನಾನು ಖುಷಿಗೆ ಒಂದು ತೋಫು ಪುಕ್ಕಟೆ ಕೊಟ್ಟೆ.

ಆಮೇಲಿನ ವರ್ಷಗಳಲ್ಲಿ ಅವಳ ಮೈಗೆ ಮಾಂಸ ಹತ್ತಿತು, ಕೆನ್ನೆಗೆ ಬಣ್ಣ ಬಂತು. ಮನೆಗೆ ಬಂದ ಅತಿಥಿಗಳಿಗೆ ತೇಯಿಜಿ ಹಾಳೆ ತೋರಿಸುವರು, ಗೋಂದು ನಿನ್ನೆ ಹಚ್ಚಿದ ಹಾಗಿದೆ ಎಂದು ಕೊಚ್ಚಿಕೊಳ್ಳುವರು, ಇವಳು ತಲೆ ತಗ್ಗಿಸಿ ಬಾಗಿಲ ಹೊರಗೆ ಚಹಾ ಇಟ್ಟು ಹೋಗುವಳು. ತಲೆ ತಗ್ಗಿಸುವುದು ನಗು ಮುಚ್ಚಿಕೊಳ್ಳಲು. ಗಂಡ ಅದನ್ನು ತಿರುಗಿಸಿ ನೋಡುವ ದಿನ ಬರಬೇಕು, ಆ ದಿನ ತಾನು ಎದುರಿಗೆ ನಿಂತು ಕೊತೊದ ಹೆಸರೆತ್ತಬೇಕು. ಅವಳ ಆಸೆ ಅದೊಂದೇ ಆಗಿತ್ತು.

ದಿನ ಬಂತು. ಸಂಗ್ರಾಹಕರ ಸಂಘದ ಪ್ರದರ್ಶನಕ್ಕೆ ನಾಗಾನೊದಿಂದ ಬಂದ ತೀರ್ಪುಗಾರರು ಚಿಮಟದಿಂದ ಹಾಳೆ ಎತ್ತಿ, ತಿರುಗಿಸಿ, ಇದನ್ನು ತೊಳೆದಿದ್ದಾರಲ್ಲ ಎಂದರು. ತುಂಬಿದ ಸಭೆಯಲ್ಲಿ ತೇಯಿಜಿಯ ಮುಖ ಸುಣ್ಣವಾಯಿತು. ಈಚೆಗೆ ತಮ್ಮ ಸಂಬಳದಲ್ಲಿ ಕೊಂಡಿದ್ದ ಇನ್ನೊಂದು ಚೀಟಿ, ಚಂದ್ರನ ಕೆಳಗೆ ಬಾತುಗಳು ಹಾರುವ ಚಿತ್ರದ್ದು, ಅದೊಂದು ಮಾತ್ರ ಪಾಸಾಯಿತು. ಅದರ ಮೇಲೆ ಕಿಯೊನೊಗೆ ಹಗೆ ಇರಲಿಲ್ಲ, ಹಾಗಾಗಿ ಮುಟ್ಟಿರಲಿಲ್ಲ.

ಆದರೆ ಆ ಸಭೆಯಲ್ಲಿ ಕಿಯೊನೊ ಇರಲಿಲ್ಲ, ಅವಳ ಲೆಕ್ಕ ತಪ್ಪಿತು. ಕುರಾತಾ ಮೋಸ ಮಾಡಿದ, ತೊಳೆದ ಚೀಟಿ ತಲೆಗೆ ಕಟ್ಟಿದ ಎಂದು ತೇಯಿಜಿ ಊರೆಲ್ಲ ಹೇಳಿಕೊಂಡು ತಿರುಗಿದರು. ಕುರಾತಾನ ಅಂಗಡಿಗೆ ಜನ ಹೋಗುವುದು ನಿಂತಿತು. ಅವನಿಗೆ ಹಾಗೇ ಆಗಬೇಕಿತ್ತು, ನನಗೇನೂ ಬೇಸರವಿಲ್ಲ. ಕಿಯೊನೊ ಮಾತ್ರ ಒಳಗೇ ಕುದಿದಳು. ಗಂಡ ಅಳುತ್ತಿದ್ದುದು ಗೆಳೆಯ ಮೋಸ ಮಾಡಿದನೆಂದು. ಇಷ್ಟು ವರ್ಷ ಹಲ್ಲು ಕಚ್ಚಿ ಕಾದ ಸೇಡನ್ನು ಕುರಾತಾ ಎಂಬ ದಡ್ಡ ಹೊತ್ತುಕೊಂಡು ಹೋಗಿದ್ದ.

ಒಂದು ಭಾನುವಾರ ನಾನು ಓಣಿಯ ಸುತ್ತೋಲೆ ಕೊಡಲು ಅವರ ಮನೆಗೆ ಹೋದಾಗ ಕುರಾತಾ ಅಲ್ಲಿ ಮಂಡಿಯೂರಿ, ಹಣೆ ಚಾಪೆಗೆ ತಾಗಿಸಿ, ಆಣೆ ಇಡುತ್ತಿದ್ದ. ತೇಯಿಜಿ ಆ ಬಾತುಗಳ ಚೀಟಿಯನ್ನು ಚಿಮಟದಲ್ಲಿ ತಿರುವಿ ಹಿಡಿದು, ಗೋಂದು ಅಂದರೆ ಹೀಗಿರುತ್ತದೆ ನೋಡು ಎಂದು ಅವನ ಮೂಗಿಗೆ ಹಿಡಿಯುತ್ತಿದ್ದರು. ಕಿಯೊನೊ ಒಳಗಿನಿಂದ ಬಂದು ಗಂಡನ ಎದುರು ಕೂತಳು.

‘ಅವರು ತೊಳೆದಿಲ್ಲ. ನಾನು ತೊಳೆದೆ. ನಮ್ಮಮ್ಮನ ಕೊತೊ ಮಾರಿದ್ದಕ್ಕೆ.’

ತೇಯಿಜಿ ನಕ್ಕರು. ನಗಬಾರದಿತ್ತು.

‘ನಿನ್ನ ಕೈಲಾಗೋ ಕೆಲಸವಾ ಇದು? ಅಂಚಿನ ಒಂದು ಹಲ್ಲು ಮುರಿದಿಲ್ಲ, ಒಂದು ಮಡಿಕೆ ಬಿದ್ದಿಲ್ಲ. ಈ ಕಳ್ಳನ್ನ ಉಳಿಸೋಕೆ ನೋಡ್ತಿದ್ದೀಯ. ಹೋಗು, ಚಹಾ ತಗೊಂಡು ಬಾ.’

ಕಿಯೊನೊ ಎದ್ದು ಹೋದಳು. ಬೋಗುಣಿಯಲ್ಲಿ ನೀರು ತಂದು ಮೇಜಿನ ಮೇಲಿಟ್ಟಳು. ಏನಾಗುತ್ತಿದೆ ಎಂದು ನಮಗೆ ತಿಳಿಯುವ ಮೊದಲೇ ಗಂಡನ ಚಿಮಟದಿಂದ ಬಾತುಗಳ ಚೀಟಿಯನ್ನು ಎಳೆದು ನೀರಿಗೆ ಬಿಟ್ಟಳು. ತೇಯಿಜಿ ಕೈ ಚಾಚಿದರು.

‘ಈಗ ಎತ್ತಿದ್ರೆ ಹರಿಯತ್ತೆ’ ಎಂದಳು.

ಚಾಚಿದ ಕೈ ಅಲ್ಲೇ ನಿಂತಿತು. ಅವಳು ಹೇಳಿದ್ದು ನಿಜವೆಂದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಚೀಟಿ ಸುರುಳಿ ಸುತ್ತಿತು, ಬಿಚ್ಚಿಕೊಂಡಿತು. ಕಿಯೊನೊ ಅದನ್ನು ಅಂಗೈ ಮೇಲೆ ಎತ್ತಿ ಬೆನ್ನು ಸವರಿದಳು. ಬೆರಳಿಗೆ ಬಂದ ಲೋಳೆಯನ್ನು ಗಂಡನಿಗೆ ತೋರಿಸಿ ಮತ್ತೆ ನೀರಿಗದ್ದಿದಳು. ಆತುರವಿಲ್ಲ, ಮಗುವಿಗೆ ಸ್ನಾನ ಮಾಡಿಸುವ ಹಾಗೆ. ಒತ್ತುಕಾಗದದ ಮೇಲೆ ಕವುಚಿ ಹಾಸಿದಳು.

ಕುರಾತಾ ಹಣೆ ಎತ್ತಿ, ಹಾಗಾದರೆ ನನ್ನದೇನೂ ತಪ್ಪಿಲ್ಲವಲ್ಲ ಎಂದು ಶುರು ಮಾಡಿದ. ಕೊತೊ ಹೊತ್ತುಕೊಂಡು ಹೋದವನು ಬಾಯಿ ಮುಚ್ಚಿಕೊಂಡಿರಲಿ ಎಂದು ನಾನೇ ಗದರಿದೆ. ಮುಚ್ಚಿಕೊಂಡ. ತೇಯಿಜಿ ಏಳಲು ಹೋದರು.

‘ಒಣಗೋವರೆಗೂ ಕೂತ್ಕೊಳ್ಳಿ’ ಎಂದಳು ಕಿಯೊನೊ. ‘ನಾನು ಅವತ್ತು ಕೂತಿರ್ಲಿಲ್ವಾ?’

ಕೂತರು. ಚೀಟಿಯ ಮೂಲೆಗಳು ಮೆಲ್ಲಗೆ ಮೇಲೆದ್ದವು. ಅವಳು ಗಂಡನದೇ ದಪ್ಪ ಬೆಲೆಪಟ್ಟಿಯ ಪುಸ್ತಕ ತಂದು ಅದರ ಮೇಲಿಟ್ಟಳು. ನನ್ನ ಅಂಗಡಿಯ ಮುಂದೆ ಗಿರಾಕಿಗಳು ಕೂಗಿ ಕೂಗಿ ಹೊರಟುಹೋದರು, ನಾನು ಕದಲಲಿಲ್ಲ. ಕೊನೆಗೆ ಪುಸ್ತಕ ಎತ್ತಿ, ಚಿಮಟವನ್ನು ಗಂಡನ ಕೈಗೇ ಕೊಟ್ಟಳು. ತೇಯಿಜಿ ಚೀಟಿಯನ್ನು ಎತ್ತಿ ಬೆಳಕಿಗೆ ಹಿಡಿದರು. ಚಿತ್ರ ಹಾಗೇ ಇತ್ತು. ಒಂದು ಹಲ್ಲೂ ಮುರಿದಿರಲಿಲ್ಲ. ತಿರುಗಿಸಿದರು. ಬೆನ್ನು ಬರೀ ಬಿಳಿ ಕಾಗದ.

‘ನೀನೇನಾ’ ಎಂದರು.

‘ನಾನೇ’ ಎಂದಳು ಕಿಯೊನೊ, ಮತ್ತು ಅಷ್ಟು ವರ್ಷಗಳಲ್ಲಿ ಮೊದಲ ಸಲ ಗಂಡನ ಎದುರಿಗೇ ನಕ್ಕಳು.