ಹಿತ್ತಾಳೆಯ ಫಲಕ

ಬಾವನ ಕಣ್ಣಿಗೆ ಪೊರೆ ಬಂದದ್ದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಅವರಿಗೆ ಗೊತ್ತಿತ್ತು. ಹೇಳಿರಲಿಲ್ಲ.

ಅಕ್ಕನ ಗಂಡನಾದ ಅವರೇ ನನಗೆ ಕೆಲಸ ಕಲಿಸಿದವರು. ಮಂಗಳೂರಿನಲ್ಲಿ ಆಗ ಮೋಟಾರ್ ಸೈಕಲ್‌ಗಳು ಬೆರಳೆಣಿಕೆಯಷ್ಟು. ಕೆಟ್ಟರೆ ಹೆಚ್ಚಿನವು ನಮ್ಮ ವರ್ಕ್‌ಶಾಪಿಗೇ ಬರುತ್ತಿದ್ದವು. ಯುದ್ಧದ ದಿನಗಳಾದ್ದರಿಂದ ಬಿಡಿಭಾಗಗಳು ಸಿಗುತ್ತಿರಲಿಲ್ಲ. ಇದ್ದದ್ದನ್ನೇ ಬಿಚ್ಚಿ, ಉಜ್ಜಿ, ಮತ್ತೆ ಕೂರಿಸಬೇಕು.

ಅತ್ತಾವರದ ಒಬ್ಬ ಡಾಕ್ಟರರ ಗಾಡಿಯ ಎಂಜಿನ್ನನ್ನು ಬಾವ ಹಾಗೆ ಬಿಚ್ಚಿ ಕಟ್ಟಿದರು. ವಾಲ್ವುಗಳು ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂಬುದು ಕ್ಯಾಮ್‌ಶಾಫ್ಟಿನ ಕೈಯಲ್ಲಿ. ಅದನ್ನು ಕೂರಿಸುವಾಗ ಕ್ರ್ಯಾಂಕ್ ಮತ್ತು ಕ್ಯಾಮ್ ಎಂಬ ಎರಡು ಗೇರುಗಳ ಮೇಲಿನ ಸಾಸಿವೆಯಷ್ಟು ಚುಕ್ಕೆಗಳು ಎದುರುಬದುರಾಗಬೇಕು. ಬಾವ ಒಂದು ಹಲ್ಲು ತಪ್ಪಿ ಕೂರಿಸಿದ್ದರು. ಎಂಜಿನ್ ಶುರುವಾಯಿತು. ಶಬ್ದ ಸ್ವಲ್ಪ ಬೇರೆ ಎಂದು ನನಗೆ ಅನ್ನಿಸಿತು. ಗುರುವಿಗೆ ಹೇಗೆ ಹೇಳಲಿ ಎಂದು ಸುಮ್ಮನಾದೆ.

ಮರುದಿನ ಡಾಕ್ಟರರು ಕಷ್ಟದ ಹೆರಿಗೆಯೊಂದಕ್ಕೆ ಕದ್ರಿಗೆ ಹೊರಟಿದ್ದರು. ಸಮತಟ್ಟಿನಲ್ಲಿ ಓಡಿದ ಗಾಡಿ ಏರಿನಲ್ಲಿ ಏದುಸಿರುಬಿಟ್ಟು ನಿಂತಿತು. ಚೀಲ ಹಿಡಿದು ನಡೆದುಹೋದರು. ತಾಯಿ ಉಳಿದಳು, ಮಗು ಉಳಿಯಲಿಲ್ಲ.

ನೂಕಿಸಿಕೊಂಡು ತಂದ ಗಾಡಿಯ ಎಂಜಿನ್ ಮುಚ್ಚಳವನ್ನು ನಾನೇ ಬಿಚ್ಚಿದೆ. ತಪ್ಪು ಕಂಡಿತು. ಹೇಳುವ ಮೊದಲೇ ಬಾವ ಕೇಳಿದರು: "ಎಷ್ಟು ಹಲ್ಲು?"

"ಒಂದು, ಬಾವ."

ಅವರು ಡಾಕ್ಟರರ ಎದುರು ಹೋಗಿ ನಿಂತರು. "ತಪ್ಪು ನನ್ನದು ಡಾಕ್ಟ್ರೇ. ನನಗೆ ಕಣ್ಣು ಸರಿ ಕಾಣುವುದಿಲ್ಲ. ಹೇಳದೆ ಕೆಲಸ ಮಾಡಿದೆ."

ಡಾಕ್ಟರರು ಹೇಳಿದರು: "ಬೇಗ ಹೋಗಿದ್ದರೆ ಮಗು ಉಳೀತಿತ್ತು ಅಂತ ನಾನು ಹೇಳ್ಲಿಕ್ಕೆ ಆಗುವುದಿಲ್ಲ. ಉಳೀತಿರಲಿಲ್ಲ ಅಂತ್ಲೂ ಹೇಳ್ಲಿಕ್ಕೆ ಆಗುವುದಿಲ್ಲ."

ಆ ದಿನದಿಂದ ಬಾವ ವರ್ಕ್‌ಶಾಪಿಗೆ ಬರಲಿಲ್ಲ. ಜಗಲಿಯಲ್ಲಿ ಕೈಕಟ್ಟಿ ಕೂತಿರುತ್ತಿದ್ದರು. ಶಬ್ದ ಬೇರೆ ಎಂದು ನನಗೆ ಗೊತ್ತಾಗಿತ್ತೆಂಬುದನ್ನು ಅವರಿಗೆ ಹೇಳಬೇಕೆಂದು ಎಷ್ಟೋ ಸಲ ಮಾತು ಬಾಯಿವರೆಗೆ ಬಂದು ನಿಂತಿತು.

ನಾನು ಕೈಯ ಕೆಲಸಕ್ಕೆ ಮೊರೆಹೋದೆ. ಎಂಜಿನ್ನನ್ನು ಸರಿಯಾಗಿ ಕೂರಿಸಿ, ಗೇರುಗಳ ಮೇಲೆ ದಪ್ಪ ಹಿತ್ತಾಳೆಯ ಫಲಕವೊಂದನ್ನು ಇಟ್ಟು ಗುರುತು ಹಾಕಿದೆ. ಅದಕ್ಕೆ ಎರಡು ಉಕ್ಕಿನ ಗೂಟ ಕೂರಿಸಿದೆ. ಒಂದು ಕ್ರ್ಯಾಂಕಿನ ತುದಿಯ ಸೀಳಿಗೆ, ಇನ್ನೊಂದು ಕ್ಯಾಮ್ ಗೇರಿನ ತೂತಿಗೆ ಇಳಿಯಬೇಕು. ಮೊದಲ ಎರಡು ಫಲಕ ಕೂದಲೆಳೆಯಷ್ಟು ತಪ್ಪಿ ಹಾಳಾದವು. ಮೂರನೆಯದು ಕೂತಿತು. ಗೇರು ಒಂದು ಹಲ್ಲು ಆಚೀಚೆಯಾದರೂ ಫಲಕ ಒಳಗಿಳಿಯದೆ ಮೇಲೆಯೇ ನಿಲ್ಲುತ್ತಿತ್ತು. ಕಣ್ಣು ಬೇಡ, ಬೆರಳು ಸಾಕು.

ಅದನ್ನು ಬಾವನ ಕೈಗೆ ಕೊಟ್ಟು, ಹೇಳಬೇಕಾದದ್ದನ್ನೂ ಹೇಳಿದೆ. "ಅವತ್ತು ಶಬ್ದ ಬೇರೆ ಇತ್ತು, ಬಾವ. ನಾನು ಬಾಯಿ ಬಿಡಲಿಲ್ಲ."

ಅವರು ಗೂಟಗಳನ್ನು ಸವರುತ್ತ ಕೂತರು. "ನನಗೂ ಕೇಳಿಸಿತ್ತು ಮಾರಾಯ," ಎಂದರು. "ನನ್ನ ಕೈ ತಪ್ಪುವುದಿಲ್ಲ ಅಂತ ನಂಬಿದೆ."

ಅವರನ್ನು ಮತ್ತೆ ಕರೆಸಿದ್ದು ಡಾಕ್ಟರರೇ. ಮುಂದಿನ ಬೇಸಗೆಯಲ್ಲಿ ಗಾಡಿ ತಂದು, "ನೀವೇ ಬಿಚ್ಚಿ," ಎಂದರು. ಬಾವ ಕೈ ತೊಳೆದು ಬಂದರು. ಗೇರು ಕೂರಿಸಿ ಫಲಕ ಇಟ್ಟರು. ಕೂರಲಿಲ್ಲ. ಗೇರು ತೆಗೆದು, ಒಂದು ಹಲ್ಲು ಸರಿಸಿ ಮತ್ತೆ ಇಟ್ಟರು. ಟಕ್ ಎಂದು ಇಳಿಯಿತು.

ಆದರೂ ನನ್ನನ್ನು ಕರೆದರು. "ಬಾ, ನಿನ್ನ ಕಣ್ಣಲ್ಲೂ ಒಮ್ಮೆ ನೋಡು. ತಪ್ಪು ಉಂಟಾದರೆ ಹೇಳು. ಹೆದರಬೇಡ."

ನಾನು ಬಗ್ಗಿ ನೋಡಿದೆ. ಸರಿಯಾಗಿತ್ತು. ಮುಂದೆ ಅವರು ದುಡಿದ ಏಳೆಂಟು ವರ್ಷವೂ, ನನ್ನನ್ನು ಕರೆದು ತೋರಿಸದೆ ಒಂದೇ ಒಂದು ಎಂಜಿನ್ನಿನ ಮುಚ್ಚಳ ಹಾಕಲಿಲ್ಲ.