ಉಸಿರು ಸಾಲದು ಅಂದ ಡ್ರಿಲ್ ಮೇಷ್ಟ್ರು

ಶಿವಮೊಗ್ಗದಲ್ಲಿ ಮೊಮ್ಮಗಳು ಟೇಬಲ್ ಟೆನಿಸ್ ಕಲಿಯುವ ಹಾಲ್‌ನ ಕಿಟಕಿಯ ಮೇಲೆ ಒಂದು ಫೋನ್ ಇಟ್ಟಿರುತ್ತಾರೆ. ಅದು ಕುಯ್ ಎಂದರೆ ಮಕ್ಕಳು ಮೈಮೇಲೆ ದೆವ್ವ ಬಂದಂತೆ ಎಡಕ್ಕೂ ಬಲಕ್ಕೂ ಜಿಗಿಯಬೇಕು. ಇಪ್ಪತ್ತು ಸೆಕೆಂಡ್. ಮತ್ತೆ ಕುಯ್ ಎಂದರೆ ನಿಲ್ಲಬೇಕು. ಹತ್ತು ಸೆಕೆಂಡ್. ಮತ್ತೆ ಜಿಗಿತ. ಇದಕ್ಕೆ ಇಂಟರ್‌ವಲ್ ಟ್ರೈನಿಂಗ್ ಎನ್ನುತ್ತಾರಂತೆ. "ಹೊಸ ಸೈನ್ಸ್ ಅಜ್ಜಿ ಇದು, ನಿಮ್ ಕಾಲ್ದಲ್ಲಿ ಇದೆಲ್ಲ ಎಲ್ಲಿತ್ತು?" ಎಂದ ಅಲ್ಲಿನ ಕೋಚ್ ಹುಡುಗ. ಪಾಪ, ಅವನದೇನೂ ತಪ್ಪಿಲ್ಲ. ಆದರೂ ನನಗೆ ಪಿತ್ತ ನೆತ್ತಿಗೇರಿತು. ಅರವತ್ತರ ದಶಕದಲ್ಲಿ, ಹೊಸನಗರದ ಹೈಸ್ಕೂಲಿನಲ್ಲಿ ನನ್ನನ್ನು ಹೀಗೇ ಕುಣಿಸಿದ್ದ ಡ್ರಿಲ್ ಮೇಷ್ಟ್ರು ನೆನಪಾದರು. ಅವರನ್ನು ನೆನೆದರೆ ಕಣ್ಣು ಒದ್ದೆಯಾಗಬೇಕು ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ನನಗೆ ಮೈ ಉರಿಯುತ್ತದೆ.

ನಮ್ಮ ಶಾಲೆಗೆ ಸ್ಟಾಪ್‌ವಾಚ್ ಎಲ್ಲಿಂದ ಬರಬೇಕು? ಊರಿನ ಆಚಾರಿ ಹಲಸಿನ ಹಲಗೆ ಜೋಡಿಸಿ ಮಾಡಿಕೊಟ್ಟ ಮೇಜು ಒಂದಿತ್ತು. ಅದರ ಒಂದು ಮೂಲೆಯಲ್ಲಿ ಚೆಂಡು ಪುಟಿಯುತ್ತಲೇ ಇರಲಿಲ್ಲ. ಮೇಷ್ಟ್ರು ನೆಲದ ಮೇಲೆ ಮೇಜಿನ ಅಗಲಕ್ಕೆ ಸರಿಯಾಗಿ ಎರಡು ಗೆರೆ ಎಳೆಯುತ್ತಿದ್ದರು. ಬೆಂಚಿನ ಮೇಲೆ ಕೂತ ಹುಡುಗಿಯರು ಹದಿನೇಳರ ಮಗ್ಗಿ ಕೂಗಬೇಕು. ಅದು ಮುಗಿಯುವ ತನಕ ನಾನು ಬ್ಯಾಟು ಹಿಡಿದು, ಮೊಣಕಾಲು ಬಗ್ಗಿಸಿ, ಆ ಗೆರೆಯಿಂದ ಈ ಗೆರೆಗೆ ಮಿಂಚಿನಂತೆ ಓಡಾಡಬೇಕು. ಆಮೇಲೆ ಎರಡರ ಮಗ್ಗಿ. ಅದಷ್ಟೇ ನನಗೆ ಸುಧಾರಿಸಿಕೊಳ್ಳುವ ಹೊತ್ತು. ಎರಡ್ಹತ್ಲ ಇಪ್ಪತ್ತು ಎನ್ನುವಷ್ಟರಲ್ಲಿ ಮತ್ತೆ ಹದಿನೇಳೊಂದ್ಲ ಹದಿನೇಳು ಶುರುವಾಗುತ್ತಿತ್ತು. ಹೀಗೆ ಎಂಟು ಸಲ. ನಡುವೆ ಕಾಲು ನಿಧಾನವಾಯಿತೋ, ಮೊದಲಿನಿಂದ ಶುರು. ಈ ಪದ್ಧತಿಯನ್ನು ಅವರಿಗೆ ಯಾರೂ ಕಲಿಸಿರಲಿಲ್ಲ. ಆಟವನ್ನು ನೋಡಿ ನೋಡಿ ತಾವೇ ಕಂಡುಕೊಂಡದ್ದು. ಟೇಬಲ್ ಟೆನಿಸ್ ಅಂದರೆ ಒಂದು ಜಿಗಿತ, ಒಂದು ಉಸಿರು, ಮತ್ತೊಂದು ಜಿಗಿತ ಎನ್ನುತ್ತಿದ್ದರು.

ಸಾಗರದಲ್ಲಿ ತಾಲ್ಲೂಕುಗಳ ನಡುವಿನ ಪಂದ್ಯ ಬಂತು. ಅಲ್ಲಿಯ ಹುಡುಗಿಯರನ್ನು ದಿನಾ ಬೆಳಿಗ್ಗೆ ಕೆಳದಿ ರಸ್ತೆಯಲ್ಲಿ ಮೈಲಿಗಟ್ಟಲೆ ಓಡಿಸುತ್ತಾರೆ ಎಂದು ಕೇಳಿ ನನಗೆ ಹೆದರಿಕೆಯಾಯಿತು. ಮೇಷ್ಟ್ರು ನಕ್ಕರು.

"ಅವ್ರು ಕೆಳದಿ ತನಕ ಓಡ್ಲಿ ಬಿಡು ಮಾರಾಯ್ತಿ. ನೀ ಮೇಜಿನ್ ಆ ಮೂಲೆಯಿಂದ ಈ ಮೂಲೆಗೆ ಹೋದ್ರೆ ಸಾಕು. ಆದ್ರೆ ಚೆಂಡಿಗಿಂತ ಮೊದ್ಲು ಹೋಗ್ಬೇಕು."

ಹೋದೆ. ಕೊನೆಯ ಪಂದ್ಯದ ಮೂರನೇ ಗೇಮಿನಲ್ಲಿ ಎದುರಿನವಳು ಮೊಣಕಾಲಿನ ಮೇಲೆ ಕೈಯೂರಿ ಬಗ್ಗಿ ನಿಂತಿದ್ದಳು. ನಾನು ಮನಸ್ಸಿನಲ್ಲೇ ಎರಡರ ಮಗ್ಗಿ ಹೇಳಿಕೊಂಡು, ಮುಂದಿನ ಸರ್ವೀಸಿಗೆ ತಯಾರಾಗಿ ಕಾಯುತ್ತಿದ್ದೆ. ಗೆದ್ದ ಮೇಲೆ ಬೆಂಗಳೂರಿನ ಆಯ್ಕೆ ಪಂದ್ಯಕ್ಕೆ ನನ್ನ ಹೆಸರು ಹೋಯಿತು. ಅಲ್ಲೂ ಗೆದ್ದರೆ ಮೈಸೂರು ರಾಜ್ಯದ ತಂಡ. ನನಗೆ ಆಗ ಹದಿನೈದು. ತಲೆಯಲ್ಲಿ ಅದೊಂದೇ ತುಂಬಿಕೊಂಡಿತ್ತು.

ಅಪ್ಪ ಶಾಲೆಯ ಕಮಿಟಿಯಲ್ಲಿ ದೊಡ್ಡ ಮನುಷ್ಯರು. ಬಹುಮಾನ ಹಂಚುವ ದಿನ ವೇದಿಕೆಯ ಮೇಲೆ ನಿಂತು, ನನ್ನ ಮಗಳನ್ನು ಬೆಂಗಳೂರಿಗೂ ಕಳಿಸುತ್ತೇನೆ, ಹೆಣ್ಣುಮಕ್ಕಳು ಮುಂದೆ ಬರಬೇಕು ಎಂದರು. ಚಪ್ಪಾಳೆಯೋ ಚಪ್ಪಾಳೆ. ನಾನೂ ತಟ್ಟಿದೆ, ಪೆದ್ದಿ.

ವಾರ ಕಳೆದಿರಬೇಕು. ಶಾಲೆ ಬಿಟ್ಟ ಮೇಲೆ ಮೇಷ್ಟ್ರು ನನ್ನನ್ನು ಕರೆದರು. ಮೇಜಿನ ನೆಟ್ ಬಿಚ್ಚುತ್ತಿದ್ದರು. ಮುಖ ಎತ್ತಲಿಲ್ಲ.

"ನಿಂಗೆ ಉಸಿರು ಸಾಲಲ್ಲ. ಇಷ್ಟು ದಿನ ನೋಡ್ದೆ. ಅಲ್ಲಿ ಹೋಗಿ ಆಡಿದ್ರೆ ಎದೆಗೇ ತೊಂದ್ರೆ ಆಗ್ತದೆ. ಹೆಸ್ರು ತೆಗೆಸ್ದೆ."

"ಸಾಗರದಲ್ಲಿ ಗೆದ್ನಲ್ಲ ಸಾರ್?"

"ಅದು ಸಾಗರ."

ಅಷ್ಟೇ. ನೆಟ್ ಸುರುಳಿ ಸುತ್ತಿ ಕಂಕುಳಲ್ಲಿ ಇಟ್ಟುಕೊಂಡು ಹೊರಟುಹೋದರು... ನಾನು ನಂಬಿದೆ. ನಂಬದೆ ಏನು ಮಾಡಲಿ? ನನ್ನ ಉಸಿರು ಎಲ್ಲಿ ಏರುತ್ತದೆ, ಎಲ್ಲಿ ಇಳಿಯುತ್ತದೆ ಎಂದು ಹೆತ್ತ ತಾಯಿಗಿಂತ ಚೆನ್ನಾಗಿ ಬಲ್ಲವರು ಅವರು. ಅಪ್ಪ ತಲೆ ಸವರಿ, "ಹೋಗ್ಲಿ ಬಿಡು ಮಗಾ, ಆರೋಗ್ಯ ಮುಖ್ಯ" ಎಂದರು. ಎಂಥ ಒಳ್ಳೆಯ ಅಪ್ಪ ಎಂದುಕೊಂಡೆ. ಬ್ಯಾಟನ್ನು ಪಕ್ಕದ ಮನೆಯ ಮಕ್ಕಳಿಗೆ ಕೊಟ್ಟುಬಿಟ್ಟೆ.

ಅಂದಿನಿಂದ ನಾನು ಉಸಿರು ಸಾಲದವಳು. ಮದುವೆಯಾಗಿ ತೀರ್ಥಹಳ್ಳಿಗೆ ಬಂದೆ. ಮನೆಮಂದಿಯೆಲ್ಲ ಕುಂದಾದ್ರಿ ಹತ್ತಿದರೆ ನಾನು ಕೆಳಗೆ ಬುತ್ತಿ ಕಾಯುತ್ತ ಕೂತಿರುತ್ತಿದ್ದೆ. ಎರಡು ಹೆರಿಗೆಯಲ್ಲೂ ಸತ್ತೇ ಹೋಗುತ್ತೇನೆ ಎಂದು ಹೆದರಿದೆ. ಮೆಟ್ಟಿಲು ಕಂಡರೆ ಎದೆ ಹಿಡಿದುಕೊಳ್ಳುವುದು ಅಭ್ಯಾಸವಾಗಿ ಹೋಯಿತು. ಯಾವ ಡಾಕ್ಟರು ಎದೆಗೆ ಸ್ಟೆತಸ್ಕೋಪ್ ಇಟ್ಟು ಏನೂ ಇಲ್ಲ ಎಂದರೂ, ಇವರಿಗೇನು ಗೊತ್ತು, ನಮ್ಮ ಮೇಷ್ಟ್ರಿಗೆ ಗೊತ್ತು ಎಂದುಕೊಳ್ಳುತ್ತಿದ್ದೆ.

ಹೋದ ವರ್ಷ ಮೇಷ್ಟ್ರು ತೀರಿಕೊಂಡರು. ನಿವೃತ್ತರಾದ ಮೇಲೆ ಅವರೂ ತೀರ್ಥಹಳ್ಳಿಯಲ್ಲೇ ಮನೆ ಮಾಡಿದ್ದರು. ಮನೆಯವರನ್ನು ಮಾತಾಡಿಸಿಕೊಂಡು ಬರೋಣವೆಂದು ಹೋದೆ. ಅವರ ಹೆಂಡತಿ ಕಾಫಿ ತಂದಿಟ್ಟು, ಸೆರಗಿನ ಚುಂಗು ತಿರುವುತ್ತ ಹೇಳಿದರು.

"ಅವತ್ತು ನಿಮ್ಮಪ್ಪಾರು ಅಂಗಳಕ್ಕೆ ಕರೆಸ್ಕಂಡ್ರಂತೆ. ಹುಡ್ಗಿ ಕುಣ್ದಿದ್ದು ಸಾಕು, ನಾ ಬೇಡ ಅಂದ್ರೆ ಊರೋರ ಮುಂದೆ ಆಡಿದ್ ಮಾತು ಸುಳ್ಳಾಗ್ತದೆ, ನೀನೇ ಏನಾರು ಹೇಳಿ ಬಿಡ್ಸು ಅಂದ್ರಂತೆ. ಗದ್ದೆ ವಿಷ್ಯ ನೆನಪಿರ್ಲಿ ಅಂದ್ರಂತೆ."

ಮೇಷ್ಟ್ರ ಅಣ್ಣ ನಮ್ಮ ಗದ್ದೆಯನ್ನು ಗೇಣಿಗೆ ಮಾಡುತ್ತಿದ್ದ. ಅವರ ಮನೆಯ ಏಳು ಜನರ ಅನ್ನ ಅದು. ಶಾಲೆಯಲ್ಲಿ ಅಪ್ಪನೇ ಅವರಿಗೆ ಕೈಮುಗಿದು "ಮೇಷ್ಟ್ರೇ" ಎನ್ನುತ್ತಿದ್ದರು. ನಮ್ಮ ಮನೆಯಲ್ಲಿ ಮಾತ್ರ ಅದೇ ಮೇಷ್ಟ್ರು ಜಗಲಿ ಹತ್ತದೆ ಅಂಗಳದಲ್ಲೇ ನಿಂತು "ಒಡೇರೆ" ಎನ್ನುತ್ತಿದ್ದರು. ಅವತ್ತು ಅವರು ಹೆದರಿದ್ದು ನನಗೆ ಅರ್ಥವಾಗುತ್ತದೆ. ಅವರ ಜಾಗದಲ್ಲಿ ನಾನಿದ್ದರೂ ಹೆದರುತ್ತಿದ್ದೆ.

ಆದರೆ ಆಮೇಲೆ? ಎಪ್ಪತ್ತರ ದಶಕದಲ್ಲಿ ಉಳುವವನೇ ಒಡೆಯ ಎಂಬ ಕಾನೂನು ಬಂತು, ಗದ್ದೆ ಅವರ ಅಣ್ಣನ ಹೆಸರಿಗೇ ಆಯಿತು. ಅಪ್ಪ ಸತ್ತು ಎಷ್ಟೋ ವರ್ಷವಾಯಿತು. ಇನ್ನು ಯಾರ ಭಯ? ಒಂದೇ ಊರಿನಲ್ಲಿದ್ದೆವು. ಬಸ್‌ಸ್ಟ್ಯಾಂಡಿನಲ್ಲಿ ಸಿಗುತ್ತಿದ್ದರು, ಮದುವೆ ಮನೆಗಳಲ್ಲಿ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕೂತಿದ್ದೇವೆ. "ಹುಷಾರಿದೀಯೇನೇ?" ಎಂದು ಕೇಳುತ್ತಿದ್ದರು. "ಇದೇ ಉಸಿರಿಂದು ಸಾರ್" ಎಂದು ನಾನು ನಗುತ್ತಿದ್ದೆ. ಅವರು ಎಲೆಯ ಕಡೆ ನೋಡುತ್ತಿದ್ದರು... ಇಪ್ಪತ್ತು ಇಪ್ಪತ್ತೈದು ವರ್ಷ ಎಲೆಯನ್ನೇ ನೋಡಿದರು, ಪುಣ್ಯಾತ್ಮ. ಒಂದೇ ಒಂದು ಮಾತು, ನಿಂಗೆ ಏನೂ ಆಗಿಲ್ಲ ಮಾರಾಯ್ತಿ ಎಂಬ ಒಂದು ಮಾತು ಬಾಯಿಂದ ಬರಲಿಲ್ಲ.

"ಹೇಳ್ಬೇಕು ಹೇಳ್ಬೇಕು ಅಂತಿದ್ರು. ನಿಮ್ ಮಕ ಕಂಡ್ರೆ ಬಾಯಿ ಕಟ್ತಿತ್ತಂತೆ" ಎಂದರು ಅವರ ಹೆಂಡತಿ. ನಾನು ಕಾಫಿ ಮುಟ್ಟದೆ ಎದ್ದು ಬಂದೆ. ಆ ಮುದುಕಿ ಏನು ಮಾಡಿದ್ದರು ಪಾಪ. ಹಾಗೆ ಎದ್ದದ್ದಕ್ಕೆ ಈಗ ನಾಚಿಕೆಯಾಗುತ್ತದೆ.

ಅಪ್ಪನ ಮೇಲೂ ಸಿಟ್ಟು ಬಂತು. ಫೋಟೋದ ಎದುರು ನಿಂತು ಬೈದೆ, ಇಳಿಯಿತು. ಅಪ್ಪನೇ ನೇರವಾಗಿ ಬೇಡ ಎಂದಿದ್ದರೆ ನಾನು ಊಟ ಬಿಡುತ್ತಿದ್ದೆ, ಅತ್ತು ರಂಪ ಮಾಡುತ್ತಿದ್ದೆ, ಮದುವೆಯಾದ ಮೇಲಾದರೂ ಎಲ್ಲೋ ಒಂದು ಮೇಜು ಹುಡುಕಿ ಆಡುತ್ತಿದ್ದೆ. ಅಪ್ಪನಿಗೆ ಅದು ಗೊತ್ತಿತ್ತು. ನಾನು ಎದುರಾಡದೆ ನಂಬುವ ಮನುಷ್ಯ ಇಡೀ ಹೊಸನಗರದಲ್ಲಿ ಒಬ್ಬರೇ ಇದ್ದರು. ಅವರ ಬಾಯಿಂದಲೇ ಹೇಳಿಸಿದರು, ಅವರೂ ಹೇಳಿದರು.

ಮೇಷ್ಟ್ರನ್ನು ಎದುರಿಗೆ ಕೂರಿಸಿಕೊಂಡು ಬಾಯಿತುಂಬ ಬೈಯಬೇಕು. ಬೈದು, ಆಮೇಲೆ ಕಾಲಿಗೆ ಬೀಳಬೇಕು. ಎರಡಕ್ಕೂ ಈಗ ಅವರಿಲ್ಲ.