ಕಲ್ಲಿನಾಥನ ಮುಖವಿಲ್ಲದ ಫೋಟೋಗಳು

ಹುಮನಾಬಾದಿನ ಒಂದು ಫೋಟೋ ಸ್ಟುಡಿಯೋದಲ್ಲಿ ನಾನು ಸಂಬಳಕ್ಕಿದ್ದೇನೆ. ಮದುವೆ ಆಲ್ಬಮ್ಮುಗಳಲ್ಲಿ ಮದುಮಗನ ಹೊಟ್ಟೆ ಕರಗಿಸುವುದು, ಅತ್ತೆಯ ಮುಖದ ಸಿಟ್ಟು ಅಳಿಸುವುದು ನನ್ನ ಕೆಲಸ. ನನ್ನ ಸ್ವಂತ ಹೊಟ್ಟೆಗೆ ಕಂಪ್ಯೂಟರಿನಲ್ಲಿ ಇನ್ನೂ ಉಪಾಯ ಸಿಕ್ಕಿಲ್ಲ. ಇಂಥವನು ಪಕ್ಕದ ಕುರ್ಚಿಯ ಓಂಪ್ರಕಾಶನ ಬಗ್ಗೆ ಬರೆಯುತ್ತಿರುವುದಕ್ಕೆ ಕಾರಣ, ಅವನಾಗಿಯೇ ತನ್ನ ಬಗ್ಗೆ ಒಂದು ಸಾಲೂ ಬರೆಯುವವನಲ್ಲ.

ಓಂಪ್ರಕಾಶ ಬೇಮಳಖೇಡದ ಕುರಿ ಕಾಯುವ ಮನೆಯವನು, ನಮ್ಮ ಸ್ಟುಡಿಯೋದ ಫೋಟೋಗ್ರಾಫರ್. ಹೆದ್ದಾರಿಯಲ್ಲಿ ಗಾಂಜಾ ಲಾರಿ ಸಿಕ್ಕಿಬಿದ್ದಾಗ ಪಂಚನಾಮೆಯ ಫೋಟೋಗೆ ಪೊಲೀಸರು ಅವನನ್ನೇ ಕರೆಯುತ್ತಿದ್ದರು. ಮುಂದೆ ಮೂಟೆ, ಹಿಂದೆ ಸಾಹೇಬರು, ನಡುವೆ ಮುಖಕ್ಕೆ ಬಟ್ಟೆ ಕಟ್ಟಿದ ಇಬ್ಬರು. ಒಮ್ಮೆ ಹಾಗೆ ಹೋಗಿ ಬಂದವನು ಚಹಾ ಆರಿದರೂ ಮುಟ್ಟಲಿಲ್ಲ.

“ಯಾಕೋ, ಏನಾಯ್ತು?” ಎಂದೆ.

“ಅದರಾಗ ಒಬ್ಬನ ಕಾಲಾಗ ಚಪ್ಪಲಿ ಇರಲಿಲ್ಲಪ. ಮಾಲಿನ ಫೋಟೋ ಎಲ್ಲಾರೂ ನೋಡ್ತಾರ. ಒಯ್ಯಾವ್ರು ಏನ್ ಉಣ್ತಾರ, ಎಲ್ಲಿ ಮಲಗ್ತಾರ, ಯಾರಿಗೆ ಗೊತ್ತದ?”

ಮದುವೆಗಳಿಲ್ಲದ ತಿಂಗಳುಗಳಲ್ಲಿ ಅವನು ಕ್ಯಾಮೆರಾ ಹಿಡಿದು ಅಂಥ ಲಾರಿಗಳನ್ನು ಹತ್ತತೊಡಗಿದ. ಹೆದ್ದಾರಿಯ ಸಸ್ತಾಪುರ ಬಂಗ್ಲಾದ ಧಾಬಾದಲ್ಲಿ ಡ್ರೈವರುಗಳ ಜೊತೆ ಉಂಡು, ಕ್ಯಾಬಿನ್ನಿನಲ್ಲಿ ಮಲಗಿ, ಗಾಂಜಾ ಬೆಳೆಯುವ ಒಡಿಶಾದ ಗುಡ್ಡಗಳಿಂದ ಪುಣೆಯವರೆಗೂ ತಿರುಗಿದ. ನಾನೂ ಒಮ್ಮೆ ಜೊತೆಗೆ ಹೊರಟಿದ್ದೆ. ಚೆಕ್‌ಪೋಸ್ಟ್ ಕಂಡದ್ದೇ ತಡ, ನನಗೆ ಮನೆಯ ಕೆಲಸ ನೆನಪಾಯಿತು. ಇಳಿದು ಬಸ್ಸು ಹಿಡಿದು ವಾಪಸು ಬಂದೆ. ಆ ಲಾರಿಯಲ್ಲಿ ಇದ್ದದ್ದು ಬರೀ ಉಳ್ಳಾಗಡ್ಡಿ.

ಡ್ರೈವರುಗಳ ಶರತ್ತು ಒಂದೇ: ಮುಖ ಬೇಡ. ಓಂಪ್ರಕಾಶ ಅದನ್ನು ಎಂದೂ ಮುರಿಯಲಿಲ್ಲ. ಅವನ ಫೋಟೋಗಳಲ್ಲಿ ಇರುವುದೆಲ್ಲ ಬೆನ್ನು, ಅಂಗೈ, ಸ್ಟೇರಿಂಗಿನ ಮೇಲೆ ಒರಗಿದ ತಲೆ. ದೆಹಲಿಯ ಒಂದು ಪತ್ರಿಕೆ ಕೆಲವನ್ನು ಅಚ್ಚು ಹಾಕಿದಾಗ ನಮ್ಮ ಮಾಲಕರು ಕನ್ನಡಕ ಏರಿಸಿ ನೋಡಿದರು.

“ಎಲ್ಲಾ ಬೆನ್ನೇ ತಗದಿಯಲ್ಲೋ. ಮುಂದಿನಿಂದ ತಗೀಲಿಕ್ಕ ರೊಕ್ಕ ಕೇಳಿದ್ರೇನು?”

“ನಾವು ಕುರಿ ಹಿಂದ ನಡಿಯೋ ಮಂದಿರಿ. ಬೆನ್ನು ನೋಡೋದೇ ರೂಢಿ.”

ಅವುಗಳಲ್ಲಿ ಹೆಚ್ಚಿನವು ಹುಲಸೂರಿನ ಡ್ರೈವರ್ ಕಲ್ಲಿನಾಥನ ಬೆನ್ನುಗಳು. ಹೋದ ಚಳಿಗಾಲದಲ್ಲಿ ಕಲ್ಲಿನಾಥ ಒಂದು ಲೋಡು ತರಲು ಹೋದ. ಮದುವೆ ಸೀಜನ್ನಾದ್ದರಿಂದ ಓಂಪ್ರಕಾಶ ಜೊತೆಗೆ ಹೋಗಲಿಲ್ಲ. ಕಲ್ಲಿನಾಥ ತಿರುಗಿ ಬರಲೇ ಇಲ್ಲ. ಲಾರಿ ಸಿಗಲಿಲ್ಲ. ವಿಚಾರಿಸಿದ ಯಾವ ಜೈಲಿನಲ್ಲೂ ಅವನ ಹೆಸರಿಲ್ಲ.

ಈ ಶ್ರಾವಣದಲ್ಲಿ ಅವನ ಹೆಂಡತಿ ರುಕ್ಮಿಣಿಬಾಯಿ ಬಸವಕಲ್ಯಾಣದಲ್ಲಿ ಬಸ್ಸು ಬದಲಿಸಿ, ಗಂಡನ ಫೋಟೋ ಇಲ್ಲಿವೆಯೆಂದು ಕೇಳಿ ನಮ್ಮ ಸ್ಟುಡಿಯೋಗೆ ಬಂದಳು.

“ಯಾರ ಫೋಟೋ ಬೇಕ್ರಿ, ಅಕ್ಕಾ?” ಎಂದೆ.

“ಧನಶ್ರೀ ಅಪ್ಪಂದ್ರಿ.” ಗಂಡನ ಹೆಸರು ಹೇಳದೆ ಮಗಳ ಹೆಸರು ಹಿಡಿದು ಹೇಳಿದ ಅವಳು ಚೀಲದಿಂದ ಒಂದು ಮದುವೆ ಫೋಟೋ ತೆಗೆದಳು. “ಇದರಾಗ ಇನ್ನಾ ಹುಡುಗ ಇದ್ದಾರ. ಕಡೀಕ ಹ್ಯಾಂಗಿದ್ರು, ಅದು ಬೇಕ್ರಿ. ನಸುಕಿನ್ಯಾಗ ಬರತಿದ್ರು, ನಸುಕಿನ್ಯಾಗೇ ಹೋಗತಿದ್ರು. ಮೊಬೈಲ್‌ನಾಗ ಫೋಟೋ ತಗಿಯಾಕ ಬಿಡತಿರಲಿಲ್ಲ. ನಾ ಛಂದಗೆ ನೋಡೇ ಇಲ್ಲ.”

ನನ್ನ ವಿದ್ಯೆ ತೋರಿಸುವ ಸಮಯ ಬಂತೆಂದು ನಾನು ಹುಮ್ಮಸ್ಸಿನಿಂದ ಆ ಮದುವೆ ಫೋಟೋಗೆ ವಯಸ್ಸು ಏರಿಸಿದೆ: ಗಡ್ಡ, ಗೆರೆ, ಸ್ವಲ್ಪ ಬಿಳಿ ಕೂದಲು.

“ಇವರ್ಯಾರ್ರಿ, ತಮ್ಮಾ?”

“ನಿಮ್ಮ ಮನಿಯವರೇ ಅಲ್ಲೇನ್ರಿ?”

“ನಮ್ಮ ಮಾವ ಹಿಂಗಿದ್ರು,” ಎಂದಳು ಮೆಲ್ಲಗೆ.

ನಾನು ಕುರ್ಚಿ ಬಿಟ್ಟುಕೊಟ್ಟೆ. ಓಂಪ್ರಕಾಶ ತನ್ನ ಫೋಟೋಗಳನ್ನು ಒಂದೊಂದಾಗಿ ತೆರೆಯುತ್ತ ಹೋದ. ಬೇರೆ ಡ್ರೈವರುಗಳ ಬೆನ್ನು ಬಂದಾಗ ಅವಳು ‘ಮುಂದ’ ಎನ್ನುತ್ತಿದ್ದಳು. ತನ್ನವನದು ಬಂದಾಗ ಯಾರೂ ಹೇಳಬೇಕಾಗಿರಲಿಲ್ಲ. ಧಾಬಾದ ಹಿಂದೆ ತೊಟ್ಟಿಗೆ ಬಾಗಿ ಮುಖ ತೊಳೆಯುತ್ತಿರುವ ಕಲ್ಲಿನಾಥ, ಕಿವಿಯ ಹಿಂದೆ ಸೋಪಿನ ನೊರೆ. ಅಲ್ಲಿ ಅವಳು ಕೈ ಎತ್ತಿ ತಡೆದಳು.

“ಆಮ್ಯಾಲ ಈ ಕಡಿ ತಿರುಗಲಿಲ್ಲೇನ್ರಿ?”

ಓಂಪ್ರಕಾಶ ಮೌಸಿನಿಂದ ಕೈ ತೆಗೆದ. “ತಿರುಗಿದ್ರು, ಅಕ್ಕಾ. ಅಷ್ಟರಾಗ ನಾ ಕ್ಯಾಮೆರಾ ಕೆಳಗ ಇಳಿಸಿದ್ದೆ.”

ಅವಳು ಬೈಯುತ್ತಾಳೆಂದುಕೊಂಡೆ. ಅವಳು ಸ್ಟೂಲನ್ನು ಅವನ ಕಡೆ ಎಳೆದುಕೊಂಡಳು.

“ಹಂಗಾರ ನೀವು ನೋಡೀರಿ. ಹೇಳ್ರಿ.”

“ಏನು ಹೇಳ್ಲಿ, ಅಕ್ಕಾ?”

“ಮಾರಿ ಹ್ಯಾಂಗಿತ್ತು?”

ಅವನು ಕಣ್ಣು ಮುಚ್ಚಿಕೊಂಡ. “ಬಲಗಲ್ಲ ಕರ್ರಗಾಗಿತ್ರಿ. ಡ್ರೈವರ್ ಕಿಟಕಿ ಕಡೀದು, ಬಿಸಿಲು ಬೀಳ್ತದಲ್ಲ. ಎಡಗಲ್ಲ ತಿಳಿ. ಗದ್ದದ ಮ್ಯಾಲ ನಾಕು ಬಿಳಿ ಕೂದಲ.”

“ಸೊರಗಿದ್ರೇನು?”

“ಸ್ವಲ್ಪ.”

“ನಗತಿದ್ರೇನು?”

“ಕಣ್ಣಾಗ ಸೋಪ್ ಹೋಗಿತ್ತು. ಟಾವೆಲ್ ಕೊಡೋ ಅಂದ್ರು, ನಾ ಕೊಡದ ಆಟ ಆಡಿಸಿದೆ. ಬೈದ್ರು. ಆಮ್ಯಾಲ ನಕ್ಕರು.”

ಹೊರಗೆ ಬಸವಕಲ್ಯಾಣದ ಬಸ್ಸು ಹಾರ್ನ್ ಹಾಕಿತು. ಹೋಗುವ ಹೊತ್ತಾಯಿತೆಂದು ನಾನು ಅವಳ ಚೀಲ ಎತ್ತಿಕೊಟ್ಟೆ. ಅವಳು ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಅಲ್ಲೇ ಕೂತಳು.

“ಇನ್ನೊಮ್ಮಿ ಹೇಳ್ರಿ, ಅಣ್ಣಾ,” ಎಂದಳು. “ಬಲಗಲ್ಲದಿಂದ.”